ಜ್ವಾಲಾಮುಖಿ ಸಿಡಿಯುವ ಮುನ್ನ ಎಳೆಯುವ ಗೆರೆಗಳು

ಓದುಗರ ಪ್ರಶ್ನೆ – ಭೂವಿಜ್ಞಾನ

2025ರ ನವೆಂಬರಿನಲ್ಲಿ ಇಥಿಯೋಪಿಯಾದ ಹೈಲಿ ಗುಬ್ಬಿ ಜ್ವಾಲಾಮುಖಿ ಉಗುಳಿದ ಬೂದಿಯು ಗಾಳಿಯಲ್ಲಿ ತೇಲುತ್ತ ಉತ್ತರ ಭಾರತದ ಆಕಾಶದವರೆಗೆ ಬಂದು ವಿಮಾನಗಳ ಹಾರಾಟಕ್ಕೆ ಅಡ್ಡಿಯಾದಂದಿನಿಂದ ಜ್ವಾಲಾಮುಖಿಗಳ ಕುರಿತು ಓದುಗರ ಪತ್ರಗಳು ಬರುತ್ತಲೇ ಇವೆ. ಅವುಗಳಲ್ಲಿ ಅಪಾಯ ನಕ್ಷೆಗೆ ಸಂಬಂಧಿಸಿದ ಪ್ರಶ್ನೆಗಳನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇನೆ.

ಪ್ರಶ್ನೆ: ಜ್ವಾಲಾಮುಖಿ ಸಿಡಿಯುವ ಸೂಚನೆ ಸಿಕ್ಕಾಗ ಸರಕಾರಗಳು ಬಣ್ಣ ಬಣ್ಣದ ನಕ್ಷೆ ಪ್ರಕಟಿಸಿ, ಇಂತಿಂಥ ಊರಿನವರು ಮನೆ ಬಿಟ್ಟು ಹೊರಡಬೇಕು ಎನ್ನುತ್ತವೆ. ಇನ್ನೂ ಸಿಡಿಯದ ಬೆಟ್ಟದ ಬೆಂಕಿ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ವಿಜ್ಞಾನಿಗಳು ಹೇಗೆ ತಿಳಿಯುತ್ತಾರೆ? ಇದು ಲೆಕ್ಕವೋ, ಊಹೆಯೋ?
– ಪ್ರೌಢಶಾಲಾ ಶಿಕ್ಷಕಿಯೊಬ್ಬರು, ಹಾವೇರಿ

ಉತ್ತರ: ಇದರಲ್ಲಿ ಲೆಕ್ಕವೂ ಇದೆ, ಊಹೆಯೂ ಇದೆ; ಆದರೆ ಕೆಲಸದ ಬಹುಪಾಲು ಹಳೆಯ ಮಣ್ಣನ್ನು ಓದುವುದರಲ್ಲಿ ಕಳೆಯುತ್ತದೆ. ಜ್ವಾಲಾಮುಖಿಯೊಂದು ಹಿಂದೆ ಏನೇನು ಮಾಡಿತ್ತು ಎಂಬುದರ ದಾಖಲೆ ಅದರ ಸುತ್ತಲಿನ ಕಣಿವೆಗಳಲ್ಲಿ ಪದರ ಪದರವಾಗಿ ಉಳಿದಿರುತ್ತದೆ. ಬಿಸಿ ಬೂದಿಯಾಗಲಿ ಕೆಸರಾಗಲಿ ಹಿಂದೆ ತಲುಪಿದ್ದ ಜಾಗವನ್ನು ಮುಂದೆಯೂ ತಲುಪಬಹುದು ಎಂಬುದೇ ಅಪಾಯ ನಕ್ಷೆಯ ಮೊದಲ ಸೂತ್ರ. ಇದಕ್ಕೆ ಫಿಲಿಪೀನ್ಸ್ ದೇಶದ ಪಿನಟೂಬೊ ಬೆಟ್ಟಕ್ಕಿಂತ ಉತ್ತಮ ಉದಾಹರಣೆ ನನಗೆ ತೋಚುವುದಿಲ್ಲ. ಹಾಗಾಗಿ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

1991ರ ಏಪ್ರಿಲ್ 2ರಂದು ಲುಝಾನ್ ದ್ವೀಪದ ಈ ಬೆಟ್ಟದ ಉತ್ತರ ಇಳಿಜಾರಿನಲ್ಲಿ ಉಗಿ ಸ್ಫೋಟಿಸಿ ಸಾಲಾಗಿ ಕುಳಿಗಳು ಬಾಯಿ ತೆರೆದವು. ಆ ಬೆಟ್ಟ ಸಿಡಿದುದಕ್ಕೆ ಲಿಖಿತ ಇತಿಹಾಸದಲ್ಲಿ ಒಂದು ಸಾಲಿನ ದಾಖಲೆಯೂ ಇರಲಿಲ್ಲ. ಇಳಿಜಾರಿನ ಕಾಡಿನಲ್ಲಿ ಆಯ್ತಾ ಬುಡಕಟ್ಟಿನ ಸಾವಿರಾರು ಜನರು ತಲೆಮಾರುಗಳಿಂದ ನೆಲೆಸಿದ್ದರು. ಸುತ್ತಲಿನ ಬಯಲಿನಲ್ಲಿ ಲಕ್ಷಗಟ್ಟಲೆ ಜನರಿದ್ದರು. ಶಿಖರದ ಪೂರ್ವಕ್ಕೆ ಸುಮಾರು 25 ಕಿ.ಮೀ. ದೂರದಲ್ಲಿ ಕ್ಲಾರ್ಕ್ ಎಂಬ ಅಮೆರಿಕದ ದೊಡ್ಡ ವಾಯುನೆಲೆಯಿತ್ತು. ಫಿಲಿಪೀನ್ಸಿನ ಜ್ವಾಲಾಮುಖಿ ಮತ್ತು ಭೂಕಂಪ ವಿಜ್ಞಾನ ಸಂಸ್ಥೆಯಾದ ಫಿವೋಲ್ಕ್ಸ್ ಕೆಲವೇ ದಿನಗಳಲ್ಲಿ ಅಲ್ಲಿ ಭೂಕಂಪಮಾಪಕಗಳನ್ನು ಹೂಡಿತು. ಅದರ ನಿರ್ದೇಶಕರು ರೇಮುಂಡೊ ಪುನೊಂಗ್‌ಬಾಯನ್. ಏಪ್ರಿಲ್ ಕೊನೆಯ ಹೊತ್ತಿಗೆ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಂಡವೂ ಬಂದು ಸೇರಿಕೊಂಡಿತು.

ಬೆಟ್ಟದ ಚರಿತ್ರೆಯನ್ನು ಅರಿಯಲು ಇಂಥ ತಂಡದ ಕೈಯಲ್ಲಿರುವುದು ಕೆಲವೇ ವಾರಗಳು. ಮೊದಲು ವೈಮಾನಿಕ ಚಿತ್ರಗಳನ್ನು ನೋಡಿ, ಬೆಟ್ಟದ ಬುಡದಿಂದ ಬೀಸಣಿಗೆಯಾಕಾರದಲ್ಲಿ ಹರಡಿದ ಬಯಲುಗಳನ್ನು ಗುರುತು ಮಾಡುತ್ತಾರೆ. ಆಮೇಲೆ ಹೊಳೆ ಕೊರೆದ ಎತ್ತರದ ದಂಡೆಗಳ ಮುಂದೆ ನಿಂತು ಪದರಗಳನ್ನು ಪರೀಕ್ಷಿಸುತ್ತಾರೆ. ನೀರು ತಂದು ಹಾಕಿದ ಪದರವಾದರೆ ಕಲ್ಲುಗಳು ಉರುಟಾಗಿರುತ್ತವೆ, ಮರಳು ಗೆರೆ ಗೆರೆಯಾಗಿ ಕೂತಿರುತ್ತದೆ. ಬಿಸಿ ಬೂದಿಯ ಪ್ರವಾಹ ಬಿಟ್ಟುಹೋದ ಪದರದಲ್ಲಿ ಹಿಟ್ಟಿನಷ್ಟು ನುಣುಪಾದ ಬೂದಿ, ಹಗುರವಾದ ಪ್ಯೂಮಿಸ್ ಕಲ್ಲು, ಒಡೆದ ಬಂಡೆಯ ಚೂರು ಯಾವ ಕ್ರಮವೂ ಇಲ್ಲದೆ ಬೆರೆತಿರುತ್ತವೆ. ಅವುಗಳ ನಡುವೆ ಕರಕಲಾದ ಮರದ ತುಂಡುಗಳು ಸಿಗುತ್ತವೆ. ಆ ಇದ್ದಿಲಿನ ತುಂಡು ಎರಡು ವಿಷಯಗಳಿಗೆ ಸಾಕ್ಷಿ ನುಡಿಯುತ್ತದೆ. ಬೂದಿ ಆ ಜಾಗಕ್ಕೆ ಬಂದಾಗ ಹಸಿ ಮರವನ್ನೇ ಸುಡುವಷ್ಟು ಬಿಸಿಯಿತ್ತು ಎಂಬುದು ಒಂದು. ರೇಡಿಯೋ ಕಾರ್ಬನ್ ಪರೀಕ್ಷೆಯಿಂದ ಮರ ಸತ್ತ ಕಾಲ ತಿಳಿಯುವುದರಿಂದ, ಬೆಟ್ಟ ಸಿಡಿದ ಕಾಲವೂ ತಿಳಿಯುತ್ತದೆ ಎಂಬುದು ಇನ್ನೊಂದು. ಪಿನಟೂಬೊ ಸುಮಾರು 500, 3000 ಮತ್ತು 5500 ವರ್ಷಗಳ ಹಿಂದೆ ಸಿಡಿದಿತ್ತೆಂದೂ ಪ್ರತಿ ಸಲವೂ ಭೀಕರವಾಗಿಯೇ ಸಿಡಿದಿತ್ತೆಂದೂ, ಬಿಸಿ ಬೂದಿ 20 ಕಿ.ಮೀ. ಆಸುಪಾಸಿನವರೆಗೂ ಹರಿದಿತ್ತೆಂದೂ ತಂಡಕ್ಕೆ ಖಚಿತವಾದದ್ದು ಇಂಥ ಸಾಕ್ಷ್ಯಗಳಿಂದ. ಸಣ್ಣಪುಟ್ಟ ಸ್ಫೋಟಗಳಿಂದ ತಣ್ಣಗಾಗುವ ಸ್ವಭಾವ ಆ ಬೆಟ್ಟದ್ದಲ್ಲ ಎಂಬ ಈ ಅರಿವೇ ಮುಂದಿನ ಎಲ್ಲ ತೀರ್ಮಾನಗಳಿಗೆ ತಳಹದಿಯಾಯಿತು.

ಮೇ 23ರಂದು ನಕ್ಷೆ ಅಧಿಕಾರಿಗಳ ಕೈ ಸೇರಿತು. ಅದರಲ್ಲಿ ಬಿಸಿ ಬೂದಿಯ ಪ್ರವಾಹ, ಮಳೆಯೊಡನೆ ಹರಿದುಬರುವ ಬೂದಿ ಕೆಸರು, ಆಕಾಶದಿಂದ ಉದುರುವ ಬೂದಿ, ಈ ಮೂರಕ್ಕೂ ಪ್ರತ್ಯೇಕ ವಲಯಗಳಿದ್ದವು. ನಕ್ಷೆಯ ಜೊತೆಗೆ ಐದು ಹಂತಗಳ ಎಚ್ಚರಿಕೆಯ ಪಟ್ಟಿಯೊಂದನ್ನೂ ರೂಪಿಸಲಾಗಿತ್ತು. ಈ ಎರಡನ್ನೂ ಒಟ್ಟಿಗೆ ನೋಡಬೇಕೆಂದು ಒತ್ತಿ ಹೇಳುತ್ತೇನೆ. ನಕ್ಷೆ ಹೇಳುವುದು ಎಲ್ಲಿ ಅಪಾಯ ಎಂಬುದನ್ನು ಮಾತ್ರ. ಯಾವಾಗ ಎಂಬುದನ್ನು ಹೇಳಬೇಕಾದವು ಉಪಕರಣಗಳು. ಮೇ 13ರಂದು ದಿನಕ್ಕೆ ಸುಮಾರು 500 ಟನ್ ಹೊಮ್ಮುತ್ತಿದ್ದ ಗಂಧಕದ ಡೈಆಕ್ಸೈಡ್ ಅನಿಲ ಮೇ 28ರ ಹೊತ್ತಿಗೆ 5000 ಟನ್ ದಾಟಿತ್ತು. ಶಿಲಾರಸ ಮೇಲೇರುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಿರಲಿಲ್ಲ. ಬಳಿಕ ಅನಿಲದ ಪ್ರಮಾಣ ಹಠಾತ್ತನೆ ಇಳಿಯಿತು. ಸಾಮಾನ್ಯರ ಕಣ್ಣಿಗೆ ಇದು ನೆಮ್ಮದಿಯ ಸುದ್ದಿ. ಅನಿಲದ ದಾರಿ ಮುಚ್ಚಿಕೊಂಡು ಒಳಗೆ ಒತ್ತಡ ಹೆಚ್ಚುತ್ತಿರಬಹುದು ಎಂದು ವಿಜ್ಞಾನಿಗಳು ಇನ್ನಷ್ಟು ಆತಂಕಗೊಂಡರು. ಜೂನ್ 7ರಂದು ಲಾವಾ ಗುಮ್ಮಟವೊಂದು ಹೊರಗೆ ಕಾಣಿಸಿಕೊಂಡಿತು. ಜೂನ್ 9ರಂದು ಎಚ್ಚರಿಕೆಯನ್ನು ಕೊನೆಯ ಹಂತಕ್ಕೆ ಏರಿಸಲಾಯಿತು. ಮರುದಿನ ಕ್ಲಾರ್ಕ್ ನೆಲೆಯಿಂದ ಸುಮಾರು 14,500 ಮಂದಿ ಹೊರಟರು. ಜನರನ್ನು ತೆರವು ಮಾಡಿಸಿದ ವಲಯ 10 ಕಿ.ಮೀ.ನಿಂದ 20ಕ್ಕೆ, ಬಳಿಕ 30ಕ್ಕೆ, ಜೂನ್ 15ರಂದು 40ಕ್ಕೆ ಹಿಗ್ಗಿತು.

ಆ ದಿನವೇ ಬೆಟ್ಟ ತನ್ನ ಪೂರ್ತಿ ಬಲದಿಂದ ಸಿಡಿಯಿತು. 1745 ಮೀಟರ್ ಎತ್ತರವಿದ್ದ ಶಿಖರ ಕುಸಿದು, ಸುಮಾರು ಎರಡೂವರೆ ಕಿ.ಮೀ. ಅಗಲದ ಕುಳಿ ಉಳಿಯಿತು. ಬಿಸಿ ಬೂದಿಯ ಪ್ರವಾಹಗಳು 12ರಿಂದ 16 ಕಿ.ಮೀ. ದೂರ, ಬಹುಮಟ್ಟಿಗೆ ನಕ್ಷೆಯಲ್ಲಿ ಗುರುತಿಸಿದ್ದ ಕಣಿವೆಗಳಲ್ಲೇ ಹರಿದವು. ಈ ಎಚ್ಚರಿಕೆಯಿಂದ ಕಡಿಮೆಯೆಂದರೂ 5000 ಜೀವಗಳು ಉಳಿದವೆಂದು ಬಳಿಕ ಅಂದಾಜು ಮಾಡಲಾಯಿತು.

ಆದರೂ ಜನ ಸತ್ತರು, ಅದನ್ನು ಬಿಟ್ಟು ಈ ಕಥೆ ಹೇಳಬಾರದು. ಅದೇ ದಿನ ಯುನ್ಯಾ ಎಂಬ ಚಂಡಮಾರುತ ಲುಝಾನ್ ಮೇಲೆ ಹಾದುಹೋಗಿ, ಉದುರುತ್ತಿದ್ದ ಬೂದಿ ಮಳೆಯಲ್ಲಿ ನೆನೆಯಿತು. ಒದ್ದೆಯಾದ ಬೂದಿ 10 ಸೆಂಟಿಮೀಟರ್ ಕೂತರೆ ಒಂದು ಚದರ ಮೀಟರ್ ಚಾವಣಿಯ ಮೇಲೆ 100ರಿಂದ 200 ಕಿಲೋ ಭಾರ ಬೀಳುತ್ತದೆ. ಚಾವಣಿಗಳು ಕುಸಿದು ಅಂದು ಬಹಳ ಮಂದಿ ಜೀವ ಕಳೆದುಕೊಂಡರು. ಅನಂತರ ನಿರಾಶ್ರಿತರ ಶಿಬಿರಗಳಲ್ಲಿ ದಡಾರ ಹಬ್ಬಿ ಆಯ್ತಾ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಸತ್ತರು. ಜನರನ್ನು ಎಲ್ಲಿಂದ ಕಳಿಸಬೇಕು ಎಂಬುದರ ಬಗ್ಗೆ ತೆಗೆದುಕೊಂಡಷ್ಟು ಕಾಳಜಿಯನ್ನು ಅವರು ಹೋಗಿ ಸೇರುವ ಜಾಗದ ಬಗ್ಗೆಯೂ ತೆಗೆದುಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಶಿಬಿರಗಳ ಜಾಗ, ಕುಡಿಯುವ ನೀರಿನ ಮೂಲ, ಲಸಿಕೆ ಕೊಡುವ ಕೇಂದ್ರ, ಇವೂ ಅದೇ ಹಾಳೆಯ ಮೇಲೆ ಇರಬೇಕು.

ಪ್ರಶ್ನೆ: ಶಿಖರವನ್ನು ಮಧ್ಯಬಿಂದುವಾಗಿಟ್ಟುಕೊಂಡು ಇಷ್ಟು ಕಿಲೋಮೀಟರ್ ಎಂದು ಒಂದು ವೃತ್ತ ಎಳೆದರೆ ಸಾಲದೇ? ವಿವರವಾದ ನಕ್ಷೆಗಾಗಿ ವಾರಗಟ್ಟಲೆ ಏಕೆ ಕಾಯಬೇಕು?
– ಇಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು

ಉತ್ತರ: ತುರ್ತಿನಲ್ಲಿ ವೃತ್ತಕ್ಕೆ ಬೆಲೆಯಿದೆ. ಅದನ್ನು ರೇಡಿಯೋದಲ್ಲಿ ಒಂದು ವಾಕ್ಯದಲ್ಲಿ ಹೇಳಬಹುದು, ಪೊಲೀಸರು ಅದರಂತೆ ರಸ್ತೆ ಮುಚ್ಚಬಹುದು. ಪಿನಟೂಬೊದಲ್ಲಿ ಸಹ ತೆರವಿನ ಆದೇಶಗಳು ವೃತ್ತಗಳ ಲೆಕ್ಕದಲ್ಲೇ ಹೊರಟವು. ಆದರೆ ನೆಲದ ಮೇಲೆ ಹರಿಯುವ ಅಪಾಯಗಳಿಗೆ ವೃತ್ತದ ಪರಿವೆಯಿಲ್ಲ. ಬಿಸಿ ಬೂದಿ, ಅನಿಲ, ಕಲ್ಲುಗಳು ಒಂದಾಗಿ ಗಂಟೆಗೆ 100 ಕಿ.ಮೀ.ಗೂ ಮೀರಿದ ವೇಗದಲ್ಲಿ ಉರುಳಿಬರುವ ಪ್ರವಾಹಕ್ಕೆ ಪೈರೋಕ್ಲಾಸ್ಟಿಕ್ ಪ್ರವಾಹ ಎನ್ನುತ್ತಾರೆ. ಅದು ಮುಖ್ಯವಾಗಿ ಕಣಿವೆಯ ಜಾಡು ಹಿಡಿಯುತ್ತದೆ, ಮೇಲಿನ ಹಗುರವಾದ ಭಾಗ ಮಾತ್ರ ಕೆಲವೊಮ್ಮೆ ದಿಣ್ಣೆ ಹತ್ತಿ ಆಚೆಗೂ ನುಗ್ಗುತ್ತದೆ. ಬೂದಿ ಮತ್ತು ನೀರು ಬೆರೆತ ಕೆಸರಿನ ಪ್ರವಾಹಕ್ಕೆ ಇಂಡೋನೇಷ್ಯಾದವರು ಇಟ್ಟ ಲಹಾರ್ ಎಂಬ ಹೆಸರನ್ನೇ ಜಗತ್ತೆಲ್ಲ ಬಳಸುತ್ತಿದೆ. ಕಲಸಿದ ಕಾಂಕ್ರೀಟಿನಂತೆ ದಪ್ಪವಾಗಿ, ಬಂಡೆಗಳನ್ನು ಹೊತ್ತು, ಹೊಳೆಯ ಪಾತ್ರದಲ್ಲೇ ಹರಿಯುವ ಇದು ಹತ್ತಾರು ಕಿ.ಮೀ. ದಾಟಿಯೂ ಊರುಗಳನ್ನು ಹೂಳಬಲ್ಲದು. ಹೀಗಾಗಿ ಶಿಖರದಿಂದ 8 ಕಿ.ಮೀ. ದೂರದ ದಿಣ್ಣೆಯೊಂದು ಕೆಸರಿನಿಂದ ಪಾರಾಗಿ, 50 ಕಿ.ಮೀ. ದೂರದ ಹೊಳೆದಂಡೆಯ ಪೇಟೆ ಮುಳುಗಬಹುದು. ಉದುರುವ ಬೂದಿಯ ಲೆಕ್ಕವೇ ಬೇರೆ. ಅದು ಗಾಳಿ ಬೀಸಿದತ್ತ ಹೋಗುವುದರಿಂದ, ಋತುವಿಗೊಂದು ಆಕಾರ, ಕೆಲವೊಮ್ಮೆ ದಿನಕ್ಕೊಂದು ಆಕಾರ.

ಇಂಡೋನೇಷ್ಯಾದ ಮೆರಾಪಿಯಲ್ಲಿ 2010ರ ನವೆಂಬರಿನಲ್ಲಿ ಈ ಎರಡೂ ಬಗೆಯ ಯೋಚನೆ ಒಟ್ಟಿಗೆ ಕೆಲಸ ಮಾಡಿತು. ಬೆಟ್ಟದ ಚಟುವಟಿಕೆ ಏರಿದಂತೆಲ್ಲ ತೆರವಿನ ವಲಯವನ್ನು 10 ಕಿ.ಮೀ.ನಿಂದ 15ಕ್ಕೂ, ನವೆಂಬರ್ 5ರ ನಸುಕಿನ ವೇಳೆಗೆ 20ಕ್ಕೂ ವಿಸ್ತರಿಸಲಾಯಿತು. ಅದೇ ರಾತ್ರಿ ಗೆಂಡೋಲ್ ಹೊಳೆಯ ಕಣಿವೆಯುದ್ದಕ್ಕೂ ಬಿಸಿ ಬೂದಿ 15 ಕಿ.ಮೀ.ಗೂ ಆಚೆಗೆ ನುಗ್ಗಿತು. 300ಕ್ಕೂ ಹೆಚ್ಚು ಜನರು ಆ ಸರಣಿಯಲ್ಲಿ ಸತ್ತರು. ಲಕ್ಷಾಂತರ ಮಂದಿ ಹೊರಟು ಹೋಗಿರದಿದ್ದರೆ ಹತ್ತು ಸಾವಿರಕ್ಕೂ ಹೆಚ್ಚು ಜೀವಗಳು ಹೋಗುತ್ತಿದ್ದವೆಂಬ ಅಂದಾಜಿದೆ.

ಪ್ರಶ್ನೆ: ಕೊಲಂಬಿಯಾದ ಆರ್ಮೆರೊ ಪಟ್ಟಣ 1985ರಲ್ಲಿ ಕೆಸರಿನಡಿ ಹೂತುಹೋದ ಬಗ್ಗೆ ಓದಿದ್ದೇನೆ. ಅಲ್ಲಿಯೂ ಮೊದಲೇ ನಕ್ಷೆ ಸಿದ್ಧವಾಗಿತ್ತು ಎನ್ನುತ್ತಾರೆ. ನಕ್ಷೆಯಿದ್ದೂ ಅಷ್ಟು ಜನ ಸತ್ತದ್ದು ಏಕೆ?
– ನಿವೃತ್ತ ಬ್ಯಾಂಕ್ ಅಧಿಕಾರಿ, ಮಂಗಳೂರು

ಉತ್ತರ: ಜ್ವಾಲಾಮುಖಿ ವಿಜ್ಞಾನದಲ್ಲಿ ಇಷ್ಟು ನೋವಿನ ಪ್ರಶ್ನೆ ಇನ್ನೊಂದಿಲ್ಲ. ನಕ್ಷೆಯಿದ್ದದ್ದು ನಿಜ. 5321 ಮೀಟರ್ ಎತ್ತರದ, ಹಿಮ ಹೊದ್ದ ನೆವಾಡೊ ಡೆಲ್ ರುಯಿಸ್ 1984ರ ಕೊನೆಯಲ್ಲಿ ಚುರುಕಾಯಿತು. 1985ರ ಸೆಪ್ಟೆಂಬರ್ 11ರ ಉಗಿ ಸ್ಫೋಟದಿಂದ ಹುಟ್ಟಿದ ಕೆಸರು 27 ಕಿ.ಮೀ. ಹರಿಯಿತು. ಅಕ್ಟೋಬರ್ 7ರಂದು ಅಪಾಯ ನಕ್ಷೆ ಹೊರಬಂತು. ಬೆಟ್ಟ ಸಿಡಿದರೆ ಕೆಸರು ಬರುವುದು ಖಚಿತವೆಂದು ಅದು ಹೇಳಿತ್ತು, ಆರ್ಮೆರೊ ಆ ವಲಯದೊಳಗೇ ಇತ್ತು. 1595 ಮತ್ತು 1845ರಲ್ಲಿಯೂ ಇದೇ ಕಣಿವೆಗಳಲ್ಲಿ ಕೆಸರು ಹರಿದಿತ್ತು. 1845ರ ಕೆಸರು ಸುಮಾರು ಸಾವಿರ ಜನರನ್ನು ಬಲಿ ತೆಗೆದುಕೊಂಡಿತ್ತು. ಒಣಗಿ ಫಲವತ್ತಾದ ಅದೇ ಕೆಸರಿನ ಮೇಲೆ ಆರ್ಮೆರೊ ಬೆಳೆದಿತ್ತು.

ನಕ್ಷೆ ಪತ್ರಿಕೆಯಲ್ಲೂ ಅಚ್ಚಾಯಿತು. ಆದರೆ ಅದನ್ನು ನೋಡಿದ ಕೆಲವರು ಅತಿರಂಜಿತ ಎಂದರು. ಆಸ್ತಿಯ ಬೆಲೆ ಬೀಳುತ್ತದೆ, ವ್ಯಾಪಾರ ಕೆಡುತ್ತದೆ ಎಂಬ ಮಾತು ಬಂತು. ಊರನ್ನು ಸುಮ್ಮನೆ ತೆರವು ಮಾಡಿಸಿದ ಅಪವಾದ ಹೊರಲು ಯಾರೂ ಸಿದ್ಧರಿರಲಿಲ್ಲ. ನವೆಂಬರ್ 13ರ ಮಧ್ಯಾಹ್ನ ಸ್ಫೋಟವಾಗಿ ಸಂಜೆ ಆರ್ಮೆರೊದಲ್ಲಿ ಬೂದಿ ಉದುರಿತು. ಪ್ರಾಂತದ ರಾಜಧಾನಿಯಲ್ಲಿ ಸಭೆ ಕೂಡಿತು, ತೆರವಿನ ಮಾತೂ ಆಯಿತು; ಆದರೆ ಜನರಿಗೆ ಸಿಕ್ಕಿದ್ದು ಶಾಂತವಾಗಿರಿ, ಮನೆಯೊಳಗಿರಿ ಎಂಬ ಸಲಹೆ. ಬೂದಿ ನಿಂತಿತು, ಜನ ಮಲಗಿದರು. ರಾತ್ರಿ 9 ಗಂಟೆ 8 ನಿಮಿಷಕ್ಕೆ ಬೆಟ್ಟ ಸಿಡಿದು, ಬಿಸಿ ಬೂದಿ ಹಿಮವನ್ನು ಕರಗಿಸಿತು. ಆ ನೀರು ದಾರಿಯ ಮಣ್ಣು ಬಂಡೆಗಳನ್ನು ಸೆಳೆದುಕೊಂಡು ಹಲವು ಪಟ್ಟು ಹಿಗ್ಗಿ, ಲಗುನಿಯ ಹೊಳೆಯ ಕಣಿವೆಯಲ್ಲಿ 70 ಕಿ.ಮೀ.ಗೂ ಹೆಚ್ಚು ದೂರ ಸಾಗಿ, ರಾತ್ರಿ ಹನ್ನೊಂದೂವರೆಯ ಸುಮಾರಿಗೆ ಆರ್ಮೆರೊ ತಲುಪಿತು. ಬೇರೆ ಊರುಗಳನ್ನೂ ಸೇರಿಸಿ ಸತ್ತವರು ಸುಮಾರು 23,000.

ಈ ಅಂಕಿಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಒಂಬತ್ತಕ್ಕೂ ಹನ್ನೊಂದೂವರೆಗೂ ನಡುವಿನ ಅಂತರ. ಬೆಟ್ಟ ಸಿಡಿದ ಮೇಲೂ ಎರಡು ಗಂಟೆಗಳಿಗಿಂತ ಹೆಚ್ಚಿನ ಸಮಯ ಸಿಕ್ಕಿತ್ತು, ಎತ್ತರದ ಜಾಗ ಊರ ಪಕ್ಕದಲ್ಲೇ ಇತ್ತು, ನಡೆದೇ ಹೋಗಬಹುದಿತ್ತು. ನಿಮ್ಮ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ನಕ್ಷೆ ತಯಾರಾಗಿದ್ದರೂ ಅದು ಮನೆಮನೆಯ ತಿಳಿವಳಿಕೆ ಆಗಿರಲಿಲ್ಲ. ಯಾವ ಸೂಚನೆ ಕಂಡರೆ ಯಾರು ಯಾರಿಗೆ ತಿಳಿಸಬೇಕು, ಯಾವ ಗಂಟೆ ಬಾರಿಸಬೇಕು, ಯಾವ ದಾರಿಯಲ್ಲಿ ಓಡಬೇಕು ಎಂಬುದು ಮೊದಲೇ ನಿಗದಿಯಾಗಿರಲಿಲ್ಲ. ಬೆಟ್ಟದ ಮೇಲಿನವರು ಕಂಡದ್ದನ್ನು ಕೆಳಗಿನವರಿಗೆ ಕೂಡಲೇ ಮುಟ್ಟಿಸುವ ಏರ್ಪಾಡೂ ಇರಲಿಲ್ಲ.

ಈ ದುರಂತದ ಬಳಿಕವೇ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು, ಕೇಳಿಕೊಂಡ ದೇಶಗಳಿಗೆ ಉಪಕರಣಗಳೊಡನೆ ಧಾವಿಸುವ ತಂಡವೊಂದನ್ನು 1986ರಲ್ಲಿ ಕಟ್ಟಿತು. ಪಿನಟೂಬೊಗೆ ಹೋದದ್ದು ಅದೇ ತಂಡ. ಅಲ್ಲಿ ಅವರು ನಕ್ಷೆಯನ್ನಷ್ಟೇ ಒಯ್ಯಲಿಲ್ಲ. ಬಿಸಿ ಬೂದಿಯ ಪ್ರವಾಹ ಹೇಗಿರುತ್ತದೆ, ಕೆಸರು ಬಂದಾಗ ಊರು ಏನಾಗುತ್ತದೆ ಎಂಬುದನ್ನು ತೋರಿಸುವ ಒಂದು ವೀಡಿಯೊವನ್ನು ಅಧಿಕಾರಿಗಳಿಗೂ ಸೈನಿಕರಿಗೂ ಸಾಮಾನ್ಯ ಜನರಿಗೂ ಮತ್ತೆ ಮತ್ತೆ ತೋರಿಸಲಾಯಿತು. ಆ ದೃಶ್ಯಗಳನ್ನು ಚಿತ್ರೀಕರಿಸಿದ್ದು ಫ್ರಾನ್ಸಿನ ಮೋರಿಸ್ ಮತ್ತು ಕಾಟಿಯಾ ಕ್ರಾಫ್ಟ್ ದಂಪತಿಗಳು. ಪಿನಟೂಬೊ ಸಿಡಿಯುವ 12 ದಿನ ಮುಂಚೆ, 1991ರ ಜೂನ್ 3ರಂದು, ಜಪಾನಿನ ಉನ್ಜೆನ್ ಬೆಟ್ಟದಲ್ಲಿ ಅಂಥದೇ ಪ್ರವಾಹಕ್ಕೆ ಸಿಕ್ಕಿ ಇಬ್ಬರೂ ಅಸುನೀಗಿದರು. ಅವರು ಬಿಟ್ಟುಹೋದ ಆ ಚಿತ್ರಗಳು ಎಷ್ಟು ಸಾವಿರ ಜನರ ಮನ ಒಲಿಸಿ ಹೊರಡಿಸಿದವೋ, ಅದನ್ನು ನೆನೆದಾಗ ಕೃತಜ್ಞತೆ ಉಕ್ಕುತ್ತದೆ.

ಎತ್ತರವನ್ನು ಸಮೋನ್ನತಿ ರೇಖೆಗಳಲ್ಲಿ ತೋರಿಸುವ ನಕ್ಷೆ ನಮಗೆ ಅಭ್ಯಾಸವಾಗಿರುವುದರಿಂದ ಎಲ್ಲರಿಗೂ ಅರ್ಥವಾಗುತ್ತದೆಂದು ನಾವು ಭೂವಿಜ್ಞಾನಿಗಳು ಭಾವಿಸಿಬಿಡುತ್ತೇವೆ. ಕೆರಿಬಿಯನ್ನಿನ ಮಾಂಟ್ಸೆರಾಟ್ ದ್ವೀಪದಲ್ಲಿ ನಡೆಸಿದ ಅಧ್ಯಯನದಲ್ಲಿ, ಅಂಥ ನಕ್ಷೆಗಿಂತ ಓರೆಯಾಗಿ ತೆಗೆದ ವೈಮಾನಿಕ ಛಾಯಾಚಿತ್ರದ ಮೇಲೆ ಜನರು ತಮ್ಮ ಊರು, ರಸ್ತೆಗಳನ್ನು ಬಹು ಬೇಗ ಗುರುತಿಸಿದರು. ಶಾಲೆ, ಚರ್ಚು, ಸೇತುವೆಗಳ ಹೆಸರಿಲ್ಲದ ಅಪಾಯ ನಕ್ಷೆಯನ್ನು ಜನರ ಮುಂದಿಡಲೇಬಾರದೆಂದು ನಾನು ಹೇಳುತ್ತೇನೆ.

ಪ್ರಶ್ನೆ: ನಕ್ಷೆಯೇ ತಪ್ಪಾದರೆ? ಗೆರೆಯ ಹೊರಗಿದ್ದೇವೆ ಎಂದು ನಂಬಿ ಕುಳಿತವರ ಗತಿಯೇನು?
– ಪತ್ರಿಕಾ ಓದುಗರು, ಶಿವಮೊಗ್ಗ

ಉತ್ತರ: ಹಾಗಾಗಿದೆ. ಅಮೆರಿಕದ ಸೇಂಟ್ ಹೆಲೆನ್ಸ್ ಬೆಟ್ಟಕ್ಕೆ 1978ರಲ್ಲೇ ಉತ್ತಮವಾದ ಅಪಾಯ ವರದಿಯೊಂದು ಸಿದ್ಧವಾಗಿತ್ತು. 1980ರ ಮೇ 18ರಂದು ಬೆಟ್ಟದ ಉತ್ತರ ಮಗ್ಗುಲೇ ಜಾರಿಬಿದ್ದು, ಸ್ಫೋಟ ಮೇಲಕ್ಕೆ ಹೋಗದೆ ಪಕ್ಕಕ್ಕೆ ನುಗ್ಗಿ ಸುಮಾರು 600 ಚದರ ಕಿ.ಮೀ. ಕಾಡನ್ನು ನೆಲಸಮ ಮಾಡಿತು. ಹಳೆಯ ಪದರಗಳಲ್ಲಿ ಇಷ್ಟು ದೊಡ್ಡ ಅಡ್ಡಸ್ಫೋಟದ ಗುರುತು ಇರಲಿಲ್ಲ. ಸತ್ತ 57 ಮಂದಿಯಲ್ಲಿ ಬಹುಪಾಲು ಜನ ನಿಷೇಧಿತ ವಲಯದ ಗೆರೆಯಿಂದ ಹೊರಗಿದ್ದವರು. ಬೆಟ್ಟದ ಮಗ್ಗುಲು ದಿನಕ್ಕೆ ಒಂದೂವರೆ ಮೀಟರಿನಷ್ಟು ಉಬ್ಬುತ್ತಿರುವುದನ್ನು ವಿಜ್ಞಾನಿಗಳು ವಾರಗಳಿಂದ ಅಳೆಯುತ್ತಿದ್ದರು. ಹಳೆಯ ಚರಿತ್ರೆ ಹೇಳದಿದ್ದುದನ್ನು ಆ ಅಳತೆ ಹೇಳುತ್ತಿತ್ತು. ಗೆರೆಯನ್ನು ಅದಕ್ಕೆ ತಕ್ಕಂತೆ ಹಿಗ್ಗಿಸುವುದಕ್ಕೆ ಮುನ್ನವೇ ಬೆಟ್ಟ ಸಿಡಿಯಿತು.

ಹೀಗಾಗಿ ಬಿಕ್ಕಟ್ಟಿನ ಹೊತ್ತಿನ ನಕ್ಷೆಗೆ ಆಯುಷ್ಯ ಕಡಿಮೆಯಿರಬೇಕು. ಐಸ್‌ಲ್ಯಾಂಡಿನ ಗ್ರಿಂಡವಿಕ್ ಪಟ್ಟಣವನ್ನು 2023ರ ನವೆಂಬರ್ 10ರ ರಾತ್ರಿ ತೆರವು ಮಾಡಿಸಿದ ಮೇಲೆ ಅಲ್ಲಿನ ಹವಾಮಾನ ಸಂಸ್ಥೆ ವಲಯವಾರು ಅಪಾಯ ನಕ್ಷೆಯನ್ನು ಮತ್ತೆ ಮತ್ತೆ ಪರಿಷ್ಕರಿಸಿ ಪ್ರಕಟಿಸಿತು. ಲಾವಾ ಹರಿವು, ಹೊಸ ಬಿರುಕು, ಅನಿಲ, ಬಿರುಕಿನ ಮೇಲೆ ನೆಲ ಕುಸಿಯುವಿಕೆ, ಹೀಗೆ ಪ್ರತಿ ವಲಯಕ್ಕೂ ಯಾವ ಯಾವ ಅಪಾಯ ಎಂಬುದನ್ನು ಬಿಡಿಸಿ ಬರೆಯುತ್ತಿತ್ತು. ಅಷ್ಟಾದರೂ 2024ರ ಜನವರಿ 14ರಂದು ಲಾವಾ ತಡೆಯಲು ಕಟ್ಟಿದ್ದ ದಿಬ್ಬದ ಒಳಭಾಗದಲ್ಲೇ ಎರಡನೆಯ ಬಿರುಕು ತೆರೆದು ಮೂರು ಮನೆಗಳು ಸುಟ್ಟವು. ಮನೆಗಳಲ್ಲಿ ಜನರಿರಲಿಲ್ಲ. ನಕ್ಷೆಯ ಮೇಲೆ ಪ್ರಕಟವಾದ ದಿನಾಂಕ ಮತ್ತು ಎಷ್ಟು ದಿನ ಚಾಲ್ತಿ ಎಂಬುದು ಎದ್ದು ಕಾಣುವಂತಿರಬೇಕು. ಗೆರೆಯ ಹತ್ತಿರದ ಹೊರವಲಯದವರಿಗೂ ಹೊರಡಲು ಅಣಿಯಾಗಿರಿ ಎಂಬ ಸೂಚನೆ ಅದರಲ್ಲೇ ಇರಬೇಕು.

ಪ್ರಶ್ನೆ: ಜನರನ್ನು ಎಬ್ಬಿಸಿ ಕಳಿಸಿದ ಮೇಲೆ ಬೆಟ್ಟ ಸಿಡಿಯದೇ ಹೋದರೆ ಮುಂದಿನ ಸಲ ಯಾರು ನಂಬುತ್ತಾರೆ? ಈ ತೀರ್ಮಾನ ಯಾರದು?
– ನಿವೃತ್ತ ಕಂದಾಯ ಅಧಿಕಾರಿ, ಧಾರವಾಡ

ಉತ್ತರ: 1976ರಲ್ಲಿ ಫ್ರಾನ್ಸಿನ ಆಡಳಿತಕ್ಕೆ ಸೇರಿದ ಗ್ವಾಡಲೂಪ್ ದ್ವೀಪದಲ್ಲಿ 70,000ಕ್ಕೂ ಹೆಚ್ಚು ಜನರನ್ನು ತಿಂಗಳುಗಟ್ಟಲೆ ಮನೆಯಿಂದ ದೂರವಿಡಲಾಯಿತು, ಉಗಿ ಸ್ಫೋಟಗಳಾದವೇ ಹೊರತು ಶಿಲಾರಸ ಹೊರಬರಲಿಲ್ಲ. ದ್ವೀಪದ ಆರ್ಥಿಕತೆಗೆ ಪೆಟ್ಟು ಬಿತ್ತು, ವಿಜ್ಞಾನಿಗಳು ಬಹಿರಂಗವಾಗಿಯೇ ಕಚ್ಚಾಡಿದರು. ಒಂಬತ್ತು ವರ್ಷಗಳ ಬಳಿಕ ಕೊಲಂಬಿಯಾದಲ್ಲಿ ಅಧಿಕಾರಿಗಳು ಸುಳ್ಳು ಎಚ್ಚರಿಕೆಯ ಅಪವಾದಕ್ಕೆ ಅಂಜಿ ಕಾದರು. ಈ ಎರಡನ್ನೂ ಎದುರಿಗಿಟ್ಟುಕೊಂಡರೆ ನನ್ನ ಮನಸ್ಸು ಹೆದರಿ ಹೊರಟವರ ಕಡೆಗೇ ವಾಲುತ್ತದೆ.

ಕಾನೂನಿನ ಪ್ರಕಾರ ತೆರವಿನ ಆದೇಶ ಕೊಡುವವರು ಆಡಳಿತಗಾರರು. ಎಷ್ಟು ಅಪಾಯ ಎಂಬುದನ್ನು ಹೇಳುವವರು ವಿಜ್ಞಾನಿಗಳು. ಕಂದಾಯ ಇಲಾಖೆಯಲ್ಲಿದ್ದ ತಮಗೆ ಈ ಎರಡರ ನಡುವಿನ ಎಳೆದಾಟ ಹೊಸದೇನಲ್ಲ. ಹಂತಗಳ ಪಟ್ಟಿಯನ್ನು ಮೊದಲೇ ಒಪ್ಪಿಕೊಂಡಿದ್ದರೆ, ಅಂಥ ಗಳಿಗೆಯಲ್ಲಿ ಒಬ್ಬ ಅಧಿಕಾರಿಯ ಧೈರ್ಯದ ಮೇಲೆ ಎಲ್ಲವೂ ನಿಲ್ಲುವುದಿಲ್ಲ. ಪಿನಟೂಬೊದ ಪಟ್ಟಿಯಲ್ಲಿ ಇನ್ನೊಂದು ವಿವೇಕವಿತ್ತು: ಚಟುವಟಿಕೆ ತಗ್ಗಿದೊಡನೆ ಹಂತವನ್ನು ಇಳಿಸದೆ, ನಿಗದಿತ ಅವಧಿಯವರೆಗೆ ಕಾಯಬೇಕಿತ್ತು. ಸಿಡಿಯುವ ಮುನ್ನ ಬೆಟ್ಟ ಕೆಲವೊಮ್ಮೆ ಸುಮ್ಮನಾಗುವುದರಿಂದ ಇದು ಬಹಳ ಅಗತ್ಯ.

ಜನರು ಮರಳಿ ವಲಯದೊಳಕ್ಕೆ ಹೋಗುವುದು ಯಾವಾಗಲೂ ಅಪನಂಬಿಕೆಯಿಂದಲ್ಲ. ಮಾಂಟ್ಸೆರಾಟ್‌ನಲ್ಲಿ 1997ರ ಜೂನ್ 25ರಂದು ನಿಷೇಧಿತ ವಲಯದೊಳಗೆ 19 ಮಂದಿ ಸತ್ತರು. ಬೆಳೆ ನೋಡಿಕೊಳ್ಳಲು ಹೋದ ರೈತರು ಅವರಲ್ಲಿದ್ದರು. ಎರಡು ವರ್ಷಗಳಿಂದ ಇಕ್ಕಟ್ಟಾದ ಆಶ್ರಯತಾಣಗಳಲ್ಲಿ ದಿನ ದೂಡುತ್ತಿದ್ದ ಜನ ಅವರು. ಹೊಲಕ್ಕೆ ಬದಲು ಹೊಲ, ದನಕ್ಕೆ ಮೇವು, ದುಡಿಮೆಗೆ ದಾರಿ ಕೊಡದೆ ಗೆರೆಯಾಚೆ ಇರಿ ಎಂದಷ್ಟೇ ಹೇಳಿದರೆ, ಹಸಿದವರು ಗೆರೆ ದಾಟುತ್ತಾರೆ.

ಪ್ರಶ್ನೆ: ನಮ್ಮ ಭಾಗದ ಕರಿಕಲ್ಲು ಜ್ವಾಲಾಮುಖಿಯಿಂದ ಬಂದದ್ದು ಎಂದು ಓದಿದ್ದೇನೆ. ನಮಗೂ ಇಂಥ ನಕ್ಷೆ ಬೇಕೇ?
– ಕೃಷಿಕರು, ವಿಜಯಪುರ ಜಿಲ್ಲೆ

ಉತ್ತರ: ಬೇಕಿಲ್ಲ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯ ಬಸಾಲ್ಟ್ ಶಿಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಬಿರುಕುಗಳಿಂದ ಉಕ್ಕಿ ಹರಡಿದ ಲಾವಾ. ನಿಮ್ಮ ಎರೆ ಮಣ್ಣು ಅದರಿಂದಲೇ ಆದದ್ದು. ಆ ಲಾವಾ ಉಕ್ಕಿಸಿದ ಬಿಸಿ ತಾಣದಿಂದ ಭಾರತದ ನೆಲ ಉತ್ತರಕ್ಕೆ ಸರಿದು ಬಹು ದೂರ ಬಂದಿದೆ. ಆ ಬಿಸಿ ತಾಣ ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದೆ. ನಮ್ಮ ದೇಶದ ಜೀವಂತ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪ ಒಂದೇ. ಅಲ್ಲಿ ಜನವಸತಿಯಿಲ್ಲ.

ಪ್ರಶ್ನೆ: ನನ್ನ ಮಗ ಫಿಲಿಪೀನ್ಸಿನಲ್ಲಿ ವೈದ್ಯಕೀಯ ಓದುತ್ತಿದ್ದಾನೆ. ಅಲ್ಲಿ ಬೆಟ್ಟ ಹೊಗೆಯಾಡುತ್ತಿದೆ ಎಂಬ ಸುದ್ದಿ ಬಂದಾಗಲೆಲ್ಲ ಜೀವ ಕೈಯಲ್ಲಿ ಹಿಡಿದಿರುತ್ತೇನೆ. ಅವನು ಏನನ್ನು ನೋಡಿಕೊಳ್ಳಬೇಕು?
– ತಾಯಿಯೊಬ್ಬರು, ದಾವಣಗೆರೆ

ಉತ್ತರ: ಅಮ್ಮಾ, ತಮ್ಮ ಆತಂಕ ಅರ್ಥವಾಗುತ್ತದೆ, ಕರ್ನಾಟಕದ ಬಹಳಷ್ಟು ಮಕ್ಕಳು ಅಲ್ಲಿ ಓದುತ್ತಿದ್ದಾರೆ. ಅಪಾಯದ ನಡುವೆ ಬದುಕುವುದನ್ನು ಆ ದೇಶ ಚೆನ್ನಾಗಿ ಕಲಿತಿದೆ ಎಂಬುದು ಮೊದಲ ಸಮಾಧಾನ. ಫಿವೋಲ್ಕ್ಸ್ ಪ್ರತಿ ಸಕ್ರಿಯ ಜ್ವಾಲಾಮುಖಿಗೂ ಸೊನ್ನೆಯಿಂದ ಐದರವರೆಗಿನ ಹಂತದಲ್ಲಿ ಎಚ್ಚರಿಕೆ ಪ್ರಕಟಿಸುತ್ತದೆ. ಮೇಯಾನ್ ಬೆಟ್ಟದ ಸುತ್ತ 6 ಕಿ.ಮೀ. ವರೆಗಿನ ಜಾಗವನ್ನು, ತಾಲ್ ಸರೋವರದ ನಡುವಿನ ಇಡೀ ಜ್ವಾಲಾಮುಖಿ ದ್ವೀಪವನ್ನು ಶಾಶ್ವತ ಅಪಾಯ ವಲಯವೆಂದು ಗುರುತಿಸಿದೆ. 2020ರ ಜನವರಿ 12ರಂದು ತಾಲ್ ಸಿಡಿದಾಗ 14 ಕಿ.ಮೀ. ವ್ಯಾಪ್ತಿಯನ್ನು ತೆರವು ಮಾಡಿಸಿದರು. ಬೂದಿ ಮನಿಲಾವರೆಗೂ ಬಂದು ವಿಮಾನ ನಿಲ್ದಾಣ ಮುಚ್ಚಿತು.

ಮಗನಿಗೆ ಮೊದಲು ತನ್ನ ವಸತಿಗೃಹದ ಜಾಗವನ್ನು ಪರೀಕ್ಷಿಸಲು ಹೇಳಿ. ಹಜಾರ್ಡ್ ಹಂಟರ್ ಪಿಎಚ್ ಎಂಬ ಅಲ್ಲಿನ ಸರಕಾರಿ ಜಾಲತಾಣದಲ್ಲಿ ಜಾಗವನ್ನು ಗುರುತಿಸಿದರೆ, ಹತ್ತಿರದ ಸಕ್ರಿಯ ಜ್ವಾಲಾಮುಖಿ ಎಷ್ಟು ದೂರ, ಬೂದಿ ಅಥವಾ ಕೆಸರಿನ ಅಪಾಯವಿದೆಯೇ ಎಂಬುದು ತಿಳಿಯುತ್ತದೆ. ಬೆಟ್ಟದಿಂದ ಹರಿದುಬರುವ ಹೊಳೆಯ ದಂಡೆಯಲ್ಲಿ ವಸತಿಯಿದ್ದರೆ, ಸುದ್ದಿಯಲ್ಲಿ ಹೇಳುವ ವೃತ್ತದ ಹೊರಗಿದ್ದರೂ, ಜೋರು ಮಳೆ ಬಂದಾಗ ಎತ್ತರಕ್ಕೆ ಹೋಗುವ ದಾರಿಯನ್ನು ಹಗಲಿನಲ್ಲೇ ಒಮ್ಮೆ ನಡೆದು ನೋಡಿಟ್ಟುಕೊಳ್ಳಲಿ; ಪಿನಟೂಬೊ ಸಿಡಿದು ನಾಲ್ಕು ವರ್ಷಗಳಾದ ಮೇಲೂ, 1995ರಲ್ಲಿ, ಮಳೆಗೆ ಕೆಸರು ಹರಿದು ಬಕೊಲೋರ್ ಪಟ್ಟಣದ ಚರ್ಚು ಅರ್ಧದವರೆಗೆ ಹೂತುಹೋಯಿತು. ಪಾಸ್‌ಪೋರ್ಟ್ ಮತ್ತು ಕಾಲೇಜಿನ ದಾಖಲೆಗಳ ಪ್ರತಿ, ಕೆಲವು ಎನ್95 ಮುಖಗವಸು, ಕಣ್ಣಿಗೆ ಸರಿಯಾಗಿ ಕೂರುವ ಕನ್ನಡಕ, ಎರಡು ಮೂರು ದಿನಕ್ಕಾಗುವಷ್ಟು ನೀರು ಒಂದೇ ಕಡೆ ಇರಲಿ. ಬೂದಿ ಬೀಳುವಾಗ ಕಾಂಟ್ಯಾಕ್ಟ್ ಲೆನ್ಸ್ ಹಾಕಬಾರದು. ಬೂದಿಯ ಕಣ ಗಾಜಿನ ಚೂರಿನಷ್ಟು ಹರಿತ. ಸಮತಟ್ಟಾದ ಅಥವಾ ತಗಡಿನ ಚಾವಣಿಯ ಕಟ್ಟಡದಲ್ಲಿ ಬೂದಿ ದಪ್ಪವಾಗಿ ಕೂರುತ್ತಿದ್ದರೆ, ಮಳೆ ಶುರುವಾಗುವ ಮೊದಲೇ ಗಟ್ಟಿಮುಟ್ಟಾದ ಬೇರೆ ಕಟ್ಟಡಕ್ಕೆ ಹೋಗಲಿ.